ಡ್ರೋನ್ ಇಳಿಸು ಎನ್ನುವುದಕ್ಕೆ ಒಂದು ಮಾತು

ಯಾವ ವಸ್ತುವಾದರೂ ನೆಲ ಬಿಟ್ಟು ಮೇಲೆ ನಿಂತದ್ದು ಕಂಡರೆ ನನ್ನ ಬಾಯಿಯಿಂದ ಬರುವ ಮೊದಲ ಪ್ರಶ್ನೆ "ಬಿದ್ದರೆ?" ಎಂಬುದು. ಮಗಳು ಸ್ಟೂಲು ಹತ್ತಿದರೆ ಕೇಳುತ್ತೇನೆ, ಫ್ಯಾನು ಕಿರುಗುಟ್ಟಿದರೆ ಕೇಳುತ್ತೇನೆ, ಮದುವೆಮನೆಯಲ್ಲಿ ತೂಗುದೀಪದ ಕೆಳಗೆ ಎಲೆ ಹಾಕಿದರೆ ಎದ್ದು ಬೇರೆ ಪಂಕ್ತಿಗೆ ಹೋಗುತ್ತೇನೆ. ನನ್ನ ಗಂಡ ಇದನ್ನು ಕಾಯಿಲೆ ಎನ್ನುತ್ತಾರೆ. ಕಾಸರಗೋಡಿನಿಂದ ಬಂದು ಕೊಚ್ಚಿಯ ಒಂದು ಸರಕಾರಿ ಕಚೇರಿಯ ಕಾನೂನು ವಿಭಾಗದಲ್ಲಿ ಕೂತವಳಿಗೆ ಇದು ಕಾಯಿಲೆಯಲ್ಲ, ಹೊಟ್ಟೆಪಾಡು ಎಂದು ನನ್ನ ವಾದ. ಹೀಗಿರುವವಳ ಮನೆಗೆ, ಕಳಮಶ್ಶೇರಿಯ ಮೂರನೆಯ ಮಹಡಿಯ ಫ್ಲಾಟಿಗೆ, ಒಂದು ಶನಿವಾರ ಇವರು ಡ್ರೋನ್ ತರಿಸಿದರು.

ಇವರು ಮೈಸೂರಿನವರು. ಕೆಲಸ ತಿರುವನಂತಪುರದ ಐಟಿ ಪಾರ್ಕಿನಲ್ಲಿ. ಶುಕ್ರವಾರ ರೈಲಿನಲ್ಲಿ ಆಲುವಕ್ಕೆ ಬಂದು, ಮೆಟ್ರೊ ಹಿಡಿದು ಮನೆ ಸೇರುತ್ತಾರೆ. ಭಾನುವಾರ ಸಂಜೆ ಅದೇ ದಾರಿಯಲ್ಲಿ ವಾಪಸು. ನಡುವಿನ ದಿನಗಳಲ್ಲಿ ತುಂಬ ಎಂಬ ಕಡಲತಡಿಯ ಊರಿನ ಹತ್ತಿರ ಒಂದು ಬಾಡಿಗೆ ಕೋಣೆ. ಆಫೀಸಿನಲ್ಲಿ ಇಂಗ್ಲಿಷು, ಕೋಣೆಯಲ್ಲಿ ಮೌನ. ಹಾಗಾಗಿ ಎಷ್ಟು ವರ್ಷವಾದರೂ ಇವರಿಗೆ ಮಲಯಾಳ ಹತ್ತಲಿಲ್ಲ. ಚಹಾಕ್ಕೆ ಚಾಯ, ಅನ್ನಕ್ಕೆ ಚೋರು, ಅಣ್ಣನಿಗೆ ಚೇಟ್ಟ, ಅಷ್ಟಕ್ಕೆ ಪಾಠ ಮುಗಿದಿತ್ತು.

ಹತ್ತಿದ್ದು ನನ್ನ ಮನೆಮಾತು. ನಮ್ಮದು ಕಾಸರಗೋಡಿನ ಹವ್ಯಕ ಕನ್ನಡ. ಮಾಡಬೇಕು ಎನ್ನುವುದಕ್ಕೆ ಮಾಡೆಕ್ಕು, ಹೋಗಬೇಕು ಎನ್ನುವುದಕ್ಕೆ ಹೋಯೆಕ್ಕು, ಇರಬೇಕು ಎನ್ನುವುದಕ್ಕೆ ಇರೆಕ್ಕು. ಮದುವೆಯಾದ ಹೊಸತರಲ್ಲಿ ನನ್ನ ಅಮ್ಮ "ನಾಕು ದಿನ ಇರೆಕ್ಕು" ಎಂದು ಒತ್ತಾಯಿಸಿದ್ದು ಇವರಿಗೆ ಬಹಳ ಹಿಡಿಸಿತು. ಅಲ್ಲಿಂದ ಶುರು. ಸಾರಿಗೆ ಒಗ್ಗರಣೆ ಇರೆಕ್ಕು, ಫ್ರಿಜ್ಜಿನಲ್ಲಿ ಮೊಸರು ಇರೆಕ್ಕು, ಹೆಂಡತಿಗೆ ಸ್ವಲ್ಪ ತಾಳ್ಮೆ ಇರೆಕ್ಕು. ಮೈಸೂರಿನ ನಾಲಗೆಯಲ್ಲಿ ಅದು ಸರಿಯಾಗಿ ಕೂರುವುದೂ ಇಲ್ಲ. ಆದರೂ ಬಿಡುವವರಲ್ಲ.

ಮಗಳಿಗೆ ಆಗ ಆರನೆಯ ಕ್ಲಾಸು. ಕನ್ನಡದಲ್ಲಿ ಬೈದರೂ ತಿಳಿಯುತ್ತದೆ, ಮುದ್ದು ಮಾಡಿದರೂ ತಿಳಿಯುತ್ತದೆ. ಉತ್ತರ ಮಾತ್ರ ಮಲಯಾಳದಲ್ಲಿ. ನನಗೆ ಎರಡೂ ಒಂದೇ. ಇವರಿಗೆ ಅದೊಂದು ಕೊರಗು. "ವಾರಕ್ಕೆ ಎರಡು ದಿನ ಸಿಗೋ ಮಗಳ ಹತ್ರ ಮಾತಾಡೋಕೂ ನೀನು ಮಧ್ಯ ಕೂತ್ಕೋಬೇಕಲ್ಲೇ" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ನಗುವಿನ ಕೆಳಗೆ ಇರುವುದು ನನಗೆ ಕಾಣುತ್ತಿತ್ತು.

ಡ್ರೋನು ಅಂಗೈಯಗಲ ಇತ್ತು. ಕಾಲು ಕಿಲೋಗಿಂತ ಕಡಿಮೆ ತೂಕದ್ದಾದ್ದರಿಂದ ಹಾರಿಸಲು ಪರವಾನಗಿ ಬೇಡ ಎಂದು ಇವರು ಪೆಟ್ಟಿಗೆ ಒಡೆಯುವ ಮೊದಲೇ ಘೋಷಿಸಿದರು. ಅಂದರೆ ನನ್ನ ಬಾಯಿ ಮುಚ್ಚಿಸುವ ಏರ್ಪಾಡು. ಪರವಾನಗಿ ಬೇಡ ಎಂದರೆ ನಿಯಮ ಬೇಡ ಎಂದರ್ಥವಲ್ಲ ಎಂದು ನಾನು ನಿಯಮಾವಳಿ ತೆರೆದು ಕೂತೆ. ತಪ್ಪು ಹುಡುಕಬೇಕೆಂದು ಕೂತವಳು, ಓದುತ್ತ ಓದುತ್ತ ಅದರ ರುಚಿಗೆ ಬಿದ್ದೆ. ಇಷ್ಟೇ ಎತ್ತರ, ಅದಕ್ಕಿಂತ ಮೇಲಿಲ್ಲ. ಕಣ್ಣಿಗೆ ಕಾಣುವಷ್ಟು ದೂರ, ಅದರಾಚೆ ಇಲ್ಲ. ಪರದೆ ನೋಡಿ ಹಾರಿಸಿದರೆ ಸಾಲದು, ಆಕಾಶದಲ್ಲಿರುವ ಡ್ರೋನನ್ನೇ ನೋಡುತ್ತಿರಬೇಕು. ಜನರ ತಲೆಯ ಮೇಲೆ, ಜಾತ್ರೆ ಸಭೆಗಳ ಮೇಲೆ ಹಾರಿಸಬಾರದು. ಬೇರೆ ಕಾನೂನುಗಳಲ್ಲಿ ಮನುಷ್ಯ ಏನು ಮಾಡಿಬಿಡುತ್ತಾನೋ ಎಂಬ ಅನುಮಾನ ಇರುತ್ತದೆ. ಇದರಲ್ಲಿ ಪ್ರತಿ ಸಾಲಿನ ಹಿಂದೆಯೂ ಇದ್ದದ್ದು ನನ್ನದೇ ಪ್ರಶ್ನೆ. ಯಾರೋ ನನ್ನಂಥವಳು ದಿಲ್ಲಿಯಲ್ಲಿ ಕೂತು "ಬಿದ್ದರೆ? ಬಿದ್ದರೆ?" ಎಂದು ಕೇಳುತ್ತ ಬರೆದ ಹಾಗಿತ್ತು.

ಡ್ರೋನು ಎಲ್ಲಿ ಹಾರಿಸಬಹುದೆಂಬ ಸರಕಾರಿ ನಕಾಶೆ ತೆರೆದಾಗ ಇವರ ಮುಖ ಇಳಿಯಿತು. ಹಸಿರು ಬಣ್ಣವಿದ್ದಲ್ಲಿ ಹಾರಿಸಬಹುದು, ಹಳದಿಯಲ್ಲಿ ಕೇಳಿ ಹಾರಿಸಬೇಕು, ಕೆಂಪಿನಲ್ಲಿ ಹೆಸರೆತ್ತಬಾರದು. ತಿರುವನಂತಪುರದಲ್ಲಿ ಊರ ಮಗ್ಗುಲಲ್ಲೇ ವಿಮಾನ ನಿಲ್ದಾಣ, ಅದರ ಕೆಂಪು ಮುಗಿಯುವಷ್ಟರಲ್ಲಿ ತುಂಬದ ರಾಕೆಟ್ ಕೇಂದ್ರದ ಕೆಂಪು, ಇತ್ತ ಸಚಿವಾಲಯದ್ದು. ಇವರ ಕೋಣೆ ಸರಿಯಾಗಿ ಕೆಂಪಿನ ಹೊಟ್ಟೆಯಲ್ಲಿತ್ತು. ಕೊಚ್ಚಿಗೆ ಬಂದರೆ ನೌಕಾಪಡೆ, ಬಂದರು, ಇನ್ನೊಂದು ವಿಮಾನ ನಿಲ್ದಾಣ. ಕುಂಕುಮದ ಬಟ್ಟಲು ಕೈತಪ್ಪಿ ಚೆಲ್ಲಿದ ಹಾಗೆ ಕಾಣುತ್ತಿತ್ತು.

"ಇದನ್ನ ಬಾತ್‌ರೂಮಲ್ಲಿ ಹಾರಿಸ್ಬೇಕಷ್ಟೇ" ಎಂದರು ಇವರು.

"ಅಲ್ಲಿಯೂ ಬಕೀಟಿಗೆ ಬಿದ್ರೆ?" ಎಂದೆ.

ಓಣಂ ರಜೆಯಲ್ಲಿ ಮಗಳನ್ನು ಕರೆದುಕೊಂಡು ನಾನೇ ತಿರುವನಂತಪುರಕ್ಕೆ ಹೋದೆ. ಇವರ ಮನೆಯೊಡತಿ ನಿವೃತ್ತ ಟೀಚರು. ಕಾಲೇಜಿಗೆ ಹೋಗುವ ವಯಸ್ಸಿನವರಿಗೂ ನಲವತ್ತು ದಾಟಿದ ನನ್ನ ಗಂಡನಿಗೂ ಒಂದೇ ಸಂಬೋಧನೆ, "ಮೋನೆ," ಅಂದರೆ ಮಗನೇ. ಅವರ ಜಗಲಿಯಲ್ಲಿ ಕಪ್ಪ, ಅಂದರೆ ಮರಗೆಣಸು, ಬೇಯಿಸಿದ್ದು ತಿನ್ನುತ್ತ ನಾನು ರಾಕೆಟ್ಟಿನ ಸುದ್ದಿ ತೆಗೆದೆ. ಇಷ್ಟು ಹತ್ತಿರದಿಂದ ಹಾರಿಸುತ್ತಾರಲ್ಲ, ಬೀಳುವುದು ಎಲ್ಲಿ? ಕಡಲಿಗೆ, ಎಂದರು ಟೀಚರು. ಕಡಲಿನಲ್ಲಿ ದೋಣಿಗಳಿರುತ್ತವಲ್ಲ? ಹಾರಿಸುವ ಮೊದಲೇ ಇಲ್ಲಿಯವರಿಗೆ ಹೇಳುತ್ತಾರೆ, ಆ ಹೊತ್ತಿಗೆ ಆ ನೀರಿಗೆ ಯಾರೂ ಹೋಗುವುದಿಲ್ಲ, ನಮ್ಮ ನೆರೆಯವರು ಅವತ್ತು ಬಲೆ ನೇಯುತ್ತ ಮನೆಯಲ್ಲಿರುತ್ತಾರೆ, ಎಂದರು. ಅವರಿಗೆ ಅದು ಮಳೆಗೆ ಕೊಡೆ ಹಿಡಿದಷ್ಟು ಸಾಮಾನ್ಯ ಸಂಗತಿ. ಕಪ್ಪಕ್ಕೆ ಇನ್ನಷ್ಟು ಮೀನು ಸಾರು ಬೇಕೇ ಎಂದು ಮಗಳನ್ನು ಕೇಳಿದರು, ಅವಳು ನನ್ನ ಮುಖ ನೋಡದೆ ಬೇಕು ಎಂದಳು.

ನಾನು ಮಾತ್ರ ಆ ಒಂದು ಮಾತು ಹಿಡಿದುಕೊಂಡು ಕೂತೆ. ಅಷ್ಟು ದೊಡ್ಡ ವಿಜ್ಞಾನಿಗಳು ತಮ್ಮ ಲೆಕ್ಕ ತಪ್ಪುವುದಿಲ್ಲ ಎಂದುಕೊಂಡು ಕೂರುವುದಿಲ್ಲ. ತಪ್ಪಿದರೂ ಕೆಳಗೆ ಯಾರೂ ಇರಬಾರದು ಎನ್ನುತ್ತಾರೆ. ಹಾರುವುದಕ್ಕೆ ಆಕಾಶ ಖಾಲಿ ಇದ್ದರೆ ಸಾಲದು, ನೆಲವೂ ಖಾಲಿ ಇರಬೇಕು. ಸಂಜೆ ಕಡಲ ದಂಡೆಯಲ್ಲಿ ನಡೆಯುವಾಗ ಇದನ್ನು ಇವರಿಗೆ ಹೇಳಿದೆ. "ನಿನ್ನ ಕಾಯಿಲೆಗೆ ರಾಕೆಟ್ಟಿನವರ ಸರ್ಟಿಫಿಕೇಟೂ ಸಿಕ್ತು, ಇನ್ನು ನನ್ನ ಕತೆ ಮುಗೀತು" ಎಂದರು.

ಮುಗಿಯಲಿಲ್ಲ. ಅಕ್ಟೋಬರಿನಲ್ಲಿ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಮನೆಗೆ ಬಂದರು. ಧಾರವಾಡ ಕಡೆಯವರು, ಆಲುವದಲ್ಲಿ ಯಂತ್ರದ ಬಿಡಿಭಾಗಗಳ ವ್ಯಾಪಾರ. ದೊಡ್ಡ ದೇಹ, ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಯೋಜನೆ. ರಾಜ್ಯೋತ್ಸವಕ್ಕೆ ಸಂಘದ ಎಲ್ಲರೂ ಮೈದಾನದಲ್ಲಿ 'ಕ' ಅಕ್ಷರದ ಆಕಾರದಲ್ಲಿ ನಿಲ್ಲುವುದು, ನನ್ನ ಗಂಡ ಮೇಲಿನಿಂದ ಡ್ರೋನಿನಲ್ಲಿ ಫೋಟೊ ತೆಗೆಯುವುದು. ಕಳಮಶ್ಶೇರಿಯಿಂದ ಪೂರ್ವಕ್ಕೆ, ಮುಚ್ಚಿಹೋದ ಒಂದು ಕಾರ್ಖಾನೆಯ ಮೈದಾನಕ್ಕೆ ಅದರ ಮಾಲೀಕರಿಂದ ಒಪ್ಪಿಗೆಯೂ ಆಗಿತ್ತು. ಇವರು ಓಡಿಹೋಗಿ ನಕಾಶೆ ನೋಡಿದರು. ಹಸಿರು.

ಆ ಹೊತ್ತಿನ ಇವರ ಮುಖ ನನಗೆ ಮರೆತಿಲ್ಲ. ಸಂಘದಲ್ಲಿ ಇವರನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ವಾರವಿಡೀ ಊರಲ್ಲಿಲ್ಲದ ಮನುಷ್ಯ, 'ಮೇಡಮ್ಮಿನ ಯಜಮಾನರು' ಅಷ್ಟೇ. ಮೊದಲ ಸಲ ಇವರನ್ನೇ ಹುಡುಕಿಕೊಂಡು ಒಬ್ಬರು ಬಂದಿದ್ದರು. ಮಗಳನ್ನು ತಲೆಕಟ್ಟಿನಲ್ಲಿ ನಿಲ್ಲಿಸುವುದು ಎಂದು ಅಲ್ಲೇ ತೀರ್ಮಾನವಾಯಿತು. ಕ ಅಕ್ಷರದ ನೆತ್ತಿಯಲ್ಲಿ ಬರುವ ಕೊಂಡಿ, ತಲೆಕಟ್ಟು, ಪೂರ್ತಿ ಮಕ್ಕಳಿಗೆ. "ಕನ್ನಡ ಮಾತಾಡದಿದ್ರೆ ಬೇಡ, ಕನ್ನಡದ ಅಕ್ಷರದಲ್ಲಾದ್ರೂ ನಿಂತ್ಕೊಳ್ಲಿ" ಎಂದರು ಇವರು, ಕಾರ್ಯದರ್ಶಿಗಳ ಎದುರಿಗೆ.

ನಾನು ಕಾಫಿ ಲೋಟ ಇಟ್ಟು ಹೇಳಿದೆ, "ಜನರ ತಲೆಯ ಮೇಲೆ ಹಾರಿಸ್ಲಿಕ್ಕಿಲ್ಲ."

"ಅಲ್ರೀ ಮೇಡಮ್ಮಾರ, ಎರಡು ಮಿನಿಟಿನ ಕೆಲಸ. ನಮ್ಮ ಮಂದಿ, ನಮ್ಮ ತಲಿ, ನಮ್ಮ ಡ್ರೋನ್. ತಕರಾರು ಮಾಡವ್ರು ಯಾರು?"

"ಬೀಳುವುದಕ್ಕೆ ಎರಡು ಮಿನಿಟು ಬೇಡ" ಎಂದೆ. "ತಕರಾರಿನ ಪ್ರಶ್ನೆ ಅಲ್ಲ. ಬಿದ್ರೆ ಯಾರ ಮೇಲೆ?"

"ಇಷ್ಟ್ ಸಣ್ಣದ್ರೀ. ಬಿದ್ರೂ ಏನಾಗ್ತದ?"

ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಆ ವರ್ಷವೇ ಬಟ್ಟೆ ಒಣಹಾಕುವಾಗ ನನ್ನ ಕೈಯಿಂದ ಜಾರಿದ ಒಂದು ಪ್ಲಾಸ್ಟಿಕ್ ಕ್ಲಿಪ್ಪು ಮೂರು ಮಹಡಿ ಇಳಿದು, ಕೆಳಮನೆಯ ಹಿರಿಯ ವಕೀಲರ ಬೋಳುತಲೆಗೆ ಬಡಿದಿತ್ತು. ಕ್ಲಿಪ್ಪು. ಅದಕ್ಕೇ ಅವರು ಪ್ಲಾಸ್ಟರು ಹಾಕಿಕೊಂಡು ತಿರುಗಿದರು, ಇವತ್ತಿಗೂ ನಮ್ಮ ಬಾಲ್ಕನಿಯ ಕೆಳಗೆ ಬರುವಾಗ ತಲೆಯ ಮೇಲೆ ಪೇಪರು ಹಿಡಿಯುತ್ತಾರೆ. ಡ್ರೋನು ಅದರ ಎಷ್ಟೋ ಪಾಲು ಭಾರ, ಮೇಲೆ ತಿರುಗುವ ನಾಲ್ಕು ಬ್ಲೇಡು. ಕೆಳಗೆ ನಿಲ್ಲುವುದು ಮಕ್ಕಳು, ಅದರಲ್ಲಿ ಒಬ್ಬಳು ನನ್ನದೇ.

ಕಾರ್ಯದರ್ಶಿಗಳು ಹೋದ ಮೇಲೆ ನಮ್ಮಲ್ಲಿ ಜಗಳವಾಯಿತು. ಇವರು ದನಿ ಏರಿಸುವವರಲ್ಲ. "ನನಗೂ ಏನೋ ಒಂದು ಬರುತ್ತೆ ಅಂತ ಜನಕ್ಕೆ ಗೊತ್ತಾಗೋದು ನಿನಗೆ ಇಷ್ಟ ಇಲ್ಲ" ಎಂದಷ್ಟೇ ಹೇಳಿ ಡ್ರೋನನ್ನು ಪೆಟ್ಟಿಗೆಗೆ ತುಂಬಿದರು. ಆ ಮಾತು ನನಗೆ ನಾಟಿತು. ಆ ವಾರ ಫೋನಿನಲ್ಲಿ ಊಟ ಆಯ್ತಾ, ಆಯ್ತು, ಅಷ್ಟೇ ಮಾತು. ಇವರ ಆಸೆ ನಡೆಯಬೇಕು, ಯಾರ ತಲೆಯ ಮೇಲೂ ಡ್ರೋನು ಇರಬಾರದು. ಎರಡೂ ಒಟ್ಟಿಗೆ ಆಗುವುದು ಹೇಗೆ ಎಂಬುದು ನನ್ನ ತಲೆಯಲ್ಲಿ ಹುಳವಾಗಿ ಕೊರೆಯತೊಡಗಿತು.

ಉತ್ತರ ಸಿಕ್ಕಿದ್ದು ಮೆಟ್ರೊ ನಿಲ್ದಾಣದಲ್ಲಿ. ನಮ್ಮ ಪ್ಲಾಟ್‌ಫಾರಂ ಹೆದ್ದಾರಿಗಿಂತ ಎಷ್ಟೋ ಎತ್ತರ. ಕೆಳಗೆ ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ ಏನೋ ಬರೆದಿತ್ತು. ಮೇಲಿನಿಂದ ನೋಡಿದರೆ ಅಕ್ಷರಗಳು ಪಡುವಲಕಾಯಿಯಂತೆ ಉದ್ದುದ್ದ, ಓದಲೇ ಆಗುವುದಿಲ್ಲ. ಆದರೆ ಅದೇ ರಸ್ತೆಯಲ್ಲಿ ಆಟೊದಲ್ಲಿ ಹೋಗುವಾಗ ಅದು ಎಲ್ಲ ಅಕ್ಷರಗಳ ಹಾಗೆಯೇ 'ಸ್ಲೋ' ಎಂದು ನೆಟ್ಟಗೆ ಕಾಣುತ್ತದೆ. ಓರೆಯಾಗಿ ನೋಡುವವರಿಗೆ ಸರಿ ಕಾಣಲೆಂದೇ ಉದ್ದ ಎಳೆದು ಬರೆದಿರುತ್ತಾರೆ! ಇಷ್ಟು ವರ್ಷ ಅದರ ಮೇಲೆ ಓಡಾಡಿಯೂ ನನಗೆ ಹೊಳೆದಿರಲಿಲ್ಲ. ನನ್ನ ಟ್ರೇನು ಬಂದು ಹೋಯಿತು. ನಾನು ಅಲ್ಲೇ ನಿಂತು ಇವರಿಗೆ ಫೋನು ಮಾಡಿದೆ. ಮೀಟಿಂಗಿನಲ್ಲಿದ್ದರು, ಆದರೂ ಎತ್ತಿದರು.

"ಡ್ರೋನು ತಲೆಯ ಮೇಲೆ ಬೇಡ" ಎಂದೆ. "ಮೈದಾನದ ಖಾಲಿ ಬದಿಯಲ್ಲಿ ನಿಲ್ಲಿಸಿ. ಓರೆಯಾಗಿ ತೆಗೀರಿ. ಕ-ವನ್ನೇ ಉದ್ದಕ್ಕೆ ಎಳೆಯುವ."

ಆ ಕಡೆ ಬಾಗಿಲು ಮುಚ್ಚಿದ ಸದ್ದು. ಆಮೇಲೆ, "ಎಷ್ಟು ಎಳೀಬೇಕು ಅಂತ ಲೆಕ್ಕ ಹಾಕ್ಬಹುದು ಕಣೇ" ಎಂದರು. ಜಗಳ ಅಲ್ಲಿಗೆ ಮುಗಿಯಿತು.

ಮುಂದಿನ ಶನಿವಾರ ನಮ್ಮ ಊಟದ ಮೇಜಿನ ಮೇಲೆ ಕಡಲೆಕಾಳಿನ ಕ ಎದ್ದಿತು. ಮಗಳು ಕಾಳು ಜೋಡಿಸುವುದು, ಇವರು ಮೇಜಿನ ತುದಿಯಲ್ಲಿ ಮೊಬೈಲು ಹಿಡಿದು ನೋಡುವುದು, ನಾನು ತಲೆಕಟ್ಟನ್ನು ಇನ್ನಷ್ಟು ದೂರ ತಳ್ಳುವುದು. ಮೊಬೈಲಿನಲ್ಲಿ ಕ ನೆಟ್ಟಗಾದಾಗ ಮೇಜಿನ ಮೇಲೆ ಇದ್ದದ್ದು ಅಕ್ಷರವೇ ಅಲ್ಲ. "ಇದ್ ಕ ಅಲ್ಲ, ವೆಳ್ಳರಿಕ್ಕ" ಎಂದಳು ಮಗಳು, ಸೌತೆಕಾಯಿ ಎಂದರ್ಥ. ಗಾಳಿಗೆ ಡ್ರೋನು ನೆಟ್ಟಗೆ ಬೀಳದೆ ಓರೆಯಾಗಿ ಬಿದ್ದರೆ ಎಂದು ನಾನು ಕೇಳಿದೆ. ಇವರು ನಿಟ್ಟುಸಿರು ಬಿಟ್ಟು, ಖಾಲಿ ಜಾಗವನ್ನು ಇನ್ನೂ ಅಷ್ಟು ಅಗಲ ಮಾಡಿದರು.

ರಾಜ್ಯೋತ್ಸವ ನಮ್ಮಲ್ಲಿ ಯಾವಾಗಲೂ ನವೆಂಬರಿನ ಯಾವುದೋ ಭಾನುವಾರ ಆಗುವುದು. ಬೆಳಿಗ್ಗೆ ಹೋಗಿ ನಾವು ಮೂವರೂ ಸುಣ್ಣದ ಪುಡಿಯಲ್ಲಿ ಉದ್ದನೆಯ ಕ ಎಳೆದೆವು. ಅದರ ಬುಡದಾಚೆ ಅಡ್ಡಲಾಗಿ ಒಂದು ಹಗ್ಗ. ಹಗ್ಗದ ಈಚೆ ಜನ, ಆಚೆ ಖಾಲಿ ನೆಲ. ಡ್ರೋನು ಆ ಖಾಲಿ ನೆಲದ ನಡುಮಧ್ಯದ ಮೇಲೆ ಮಾತ್ರ, ಹಗ್ಗ ದಾಟುವ ಹಾಗಿಲ್ಲ. ಹಾರಿಸುವವರು ದೂರ ಒಂದು ಮೂಲೆಯಲ್ಲಿ. ಜನ ಬಂದರು, ಸಾಲಾಗಿ ನಿಂತರು, ಗೊಣಗಿದರು. ನಿಂತವರಿಗೆ ಅದು ಯಾವ ಅಕ್ಷರವೆಂದು ತಿಳಿಯುವ ಹಾಗೇ ಇರಲಿಲ್ಲ. ಕ-ದ ಹೊಟ್ಟೆಯಲ್ಲಿ ನಿಂತ ನನ್ನ ಪಕ್ಕದವಳು, ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗಿ, "ಆಂಟಿ, ನಾವು ಮೂಲಂಗಿ ತರ ಇದೀವಿ" ಎಂದಳು.

ಕಾರ್ಯದರ್ಶಿಗಳು ಮೈಸೂರು ಪೇಟ ಸುತ್ತಿಕೊಂಡು ಬಂದಿದ್ದರು. ಮೇಲಿನಿಂದ ಪೇಟ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ಅದನ್ನು ತೆಗೆದು, ಹಗ್ಗದಾಚೆ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟರು. ಆಮೇಲೂ ಅವರಿಗೆ ಸಮಾಧಾನವಿಲ್ಲ. "ಸರ, ಒಮ್ಮೆ ಸೀದಾ ನೆತ್ತಿ ಮ್ಯಾಲ ತಂದು ಒಂದು ಹೊಡೀರಿ. ತಲಿಕಟ್ಟು ಭಾಳ ದೂರ ಆತು" ಎಂದು ಕೂಗಿದರು. ಎಲ್ಲರೂ ಇವರತ್ತ ನೋಡಿದರು. ಇವರಿಗೆ ಅದು ಎಷ್ಟು ಸುಲಭವಿತ್ತು ಎಂದು ನನಗೆ ಗೊತ್ತು: ಬೆರಳು ಒಂದಿಷ್ಟು ಮುಂದಕ್ಕೆ ಒತ್ತಿದರೆ ಸಾಕು. ಇವರು ತಲೆಯಾಡಿಸಿದರು. "ಹಗ್ಗ ದಾಟಲ್ಲ ಸಾರ್" ಎಂದರು.

ಡ್ರೋನು ಏರಿತು. ಎಲ್ಲರೂ ಮುಖ ಎತ್ತಿದೆವು. ಒಳ್ಳೆಯ ಬಿಸಿಲು, ನೀಲಿ ಆಕಾಶ, ಅದರಲ್ಲಿ ಜೇನಿನಂತೆ ಗುಂಯ್ಗುಡುವ ಒಂದು ಚುಕ್ಕೆ. ಆ ಚುಕ್ಕೆಯ ಹಿಂದೆ, ಇನ್ನೂ ಮೇಲೆ, ಒಂದು ಗರುಡ ಸುತ್ತುತ್ತಿತ್ತು. ಬಿಳಿ ಎದೆ, ಕೆಂಗಂದು ರೆಕ್ಕೆ.

ಭಾನುವಾರ ಗರುಡ ಕಂಡರೆ ನಮ್ಮವರು ಏನು ಮಾಡುತ್ತಾರೆ? ಕೈ ಮುಗಿಯುತ್ತಾರೆ. ಹೊಟ್ಟೆಯಲ್ಲಿ ನಿಂತವರು ಮುಗಿದರು, ಅಡ್ಡಗೀಟಿನಲ್ಲಿ ನಿಂತವರು ಮುಗಿದರು. ರಾಜ್ಯೋತ್ಸವದ ದಿನ ಗರುಡ ದರ್ಶನ, ಇದಕ್ಕಿಂತ ಶುಭ ಬೇಕೇ? ನನ್ನ ಕೈಯೂ ತಾನಾಗಿ ಎದೆಗೆ ಬಂದಿತ್ತು. ಅದು ಸುತ್ತು ಕಿರಿದು ಮಾಡುತ್ತಿರುವುದು, ಡ್ರೋನನ್ನೇ ನೋಡುತ್ತಿರುವುದು ಕಂಡದ್ದು ಒಬ್ಬಳಿಗೆ ಮಾತ್ರ.

"ಅಚ್ಛಾ, ಇರಕ್ಕ್!" ದೂರದ ತಲೆಕಟ್ಟಿನಿಂದ ಮಗಳ ದನಿ ಬಂತು. "ಇರಕ್ಕ್ ಅಚ್ಛಾ, ಇರಕ್ಕ್!"

ಇಳಿಸು ಅಪ್ಪ, ಇಳಿಸು. ಕಾಸರಗೋಡಿನವಳಿಗೆ ಮಲಯಾಳಕ್ಕೆ ಅನುವಾದ ಬೇಕಿಲ್ಲ. ನಾನು ಇವರ ಕಡೆ ತಿರುಗಿದೆ. ಇವರು ಪರದೆ ನೋಡುತ್ತಿದ್ದವರು ತಲೆ ಎತ್ತಿ ಮಗಳ ಕಡೆ ನೋಡಿದರು. ಮುಖ ಅರಳಿತು. ನಿಜವಾಗಿ ಅರಳಿತು, ಸಂತೋಷದಿಂದ. ಹೆಬ್ಬೆರಳೆತ್ತಿ ಅವಳಿಗೆ ತೋರಿಸಿದರು, ಡ್ರೋನನ್ನು ಇದ್ದಲ್ಲೇ ಗಟ್ಟಿಯಾಗಿ ನಿಲ್ಲಿಸಿ ಮತ್ತೆ ಪರದೆಗೆ ಬಗ್ಗಿದರು. ಈ ಮನುಷ್ಯನಿಗೆ ಏನಾಯಿತು ಎಂದು ನನಗೆ ತಿಳಿಯಲಿಲ್ಲ. "ಇಳಿಸಿ ಮಾರಾಯ್ರೆ" ಎಂದು ನಾನು ಕೂಗುವಷ್ಟರಲ್ಲಿ ಗರುಡ ಎರಗಿಯಾಗಿತ್ತು.

ಒಂದು ಚಟ್ ಸದ್ದು. ಹಕ್ಕಿ ರೆಕ್ಕೆ ಬಡಿದು ಮೇಲಕ್ಕೆ ಹೋಯಿತು. ಡ್ರೋನು ಪಲ್ಟಿ ಹೊಡೆಯುತ್ತ, ನಾನು ಹೆದರಿದ್ದ ಹಾಗೆಯೇ ಓರೆಯಾಗಿ ಬಂದು, ಹಗ್ಗದಾಚೆಯ ಖಾಲಿ ನೆಲದಲ್ಲಿ ಕುರ್ಚಿಯ ಮೇಲೆ ಬಿತ್ತು. ಕುರ್ಚಿಯ ಬೆನ್ನು ಬಿರುಕು ಬಿಟ್ಟಿತು. ಬ್ಲೇಡು ಇನ್ನೂ ತಿರುಗುತ್ತಿತ್ತು. ಪೇಟದ ಜರಿಯನ್ನು ಸುತ್ತಿಕೊಂಡು, ಹರಿದು, ನಿಂತಿತು.

ಕಾರ್ಯದರ್ಶಿಗಳು ನಿಧಾನ ನಡೆದು ಹೋಗಿ ಪೇಟ ಎತ್ತಿ ನೋಡಿದರು. ಒಳಗೆ ಬೆರಳು ತೂರಿಸಿದರೆ ಹೊರಗೆ ಕಂಡಿತು. "ತಲಿಗೆ ಬಂದದ್ದು ತಲಿಪಾಗಿಗೆ ಹೋತು" ಎಂದರು. ಗಾದೆ ಹೇಳುವ ಗತ್ತು ದನಿಯಲ್ಲಿರಲಿಲ್ಲ. ನನ್ನ ಹತ್ತಿರ ಬಂದು, "ತಂಗೀ, ನೆತ್ತಿ ಮ್ಯಾಲ ತರ್ರಿ ಅಂದವ ನಾನಽ" ಎಂದರು. ಅಲ್ಲಿಯವರೆಗೆ ನಾನು ಅವರಿಗೆ ಮೇಡಮ್ಮಾಗಿದ್ದೆ.

ನಾನು ಇವರ ಹತ್ತಿರ ಓಡಿದೆ. ಸಿಟ್ಟು ನೆತ್ತಿಗೇರಿತ್ತು. "ಮಗು ಅಷ್ಟು ಕೂಗ್ತಾ ಉಂಟು, ನಿಮಗೆ ಕೇಳ್ಳಿಲ್ವಾ?"

"ಕೇಳಿಸ್ತು" ಎಂದರು. "ಇರೆಕ್ಕು ಅಂದ್ಲು. ಅಪ್ಪಾ ಇರೆಕ್ಕು, ಅಲ್ಲೇ ಇರ್ಬೇಕು ಅಂತ. ಪರದೇಲಿ ನೋಡಿದ್ರೆ ಎಲ್ರೂ ಕ್ಯಾಮೆರಾಗೆ ಕೈ ಮುಗೀತಾ ಇದ್ರು. ಚೆನ್ನಾಗಿ ಬರ್ತಿದೆ, ಹಾಗೇ ಇರ್ಲಿ ಅಂತಿದಾಳೆ ಅಂದ್ಕೊಂಡೆ." "ನಿಮ್ಮಮ್ಮನ ಮಾತಲ್ಲಿ ಮಾತಾಡಿದ್ಲು ಅಂದ್ಕೊಂಡೆ ಕಣೇ" ಎಂದರು.

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅಳು ಬಂತು. ಯಾವ ಮಲಯಾಳಿಯೂ ಈ ತಪ್ಪು ಮಾಡುತ್ತಿರಲಿಲ್ಲ. ಯಾವ ಕಾಸರಗೋಡಿನವನೂ ಮಾಡುತ್ತಿರಲಿಲ್ಲ. ಬರೇ ಮೈಸೂರಿನವನಾಗಿದ್ದರೂ ಮಾಡುತ್ತಿರಲಿಲ್ಲ. ನನ್ನ ಮನೆಮಾತನ್ನು ಆಸೆಪಟ್ಟು ಕಲಿತ ಈ ಒಬ್ಬ ಮನುಷ್ಯ ಮಾತ್ರ ಮಾಡಬಹುದಾದ ತಪ್ಪು ಅದು. ಇಷ್ಟೆಲ್ಲ ನಿಯಮ ಓದಿದ ನನಗೆ, ಹಾರಿಸುವವನಿಗೂ ಕೂಗುವವರಿಗೂ ಒಂದೇ ಭಾಷೆ ಇರಬೇಕು ಎಂಬುದು ಹೊಳೆದಿರಲಿಲ್ಲ.

ಜನ ಕೇಸರಿಬಾತಿನ ಕಡೆ ಹೋದ ಮೇಲೆ ಇವರು ಒಬ್ಬರೇ ಮೈದಾನದಲ್ಲಿ ನಡೆದರು. ಸುಣ್ಣದ ಗೆರೆ ಹಿಡಿದು ಮೇಲೆ ಮೇಲೆ ಹೋಗಿ ತಲೆಕಟ್ಟಿನ ತುದಿಯಲ್ಲಿ, ಮಗಳು ನಿಂತಿದ್ದ ಗುರುತಿನ ಮೇಲೆ ನಿಂತರು. ಅಲ್ಲಿಂದ ನೆಟ್ಟಗೆ ಮೇಲೆ ನೋಡಿದರು. ನಾನು ಹತ್ತಿರ ಹೋದಾಗ ನನ್ನ ಕಡೆ ತಿರುಗದೆ, ಇಷ್ಟು ವರ್ಷ ತಾವೇ ಅಣಕಿಸಿದ್ದ ನನ್ನ ಪ್ರಶ್ನೆಯನ್ನು ಮೆತ್ತಗೆ ಕೇಳಿದರು. "ಬಿದ್ದಿದ್ರೆ?"

ಮಗಳು ಎಲೆಯಲ್ಲಿ ಕೇಸರಿಬಾತು ಹಿಡಿದು ಬಂದಳು. ಇವರು ಅವಳ ಮುಂದೆ ಕೂತು, ಇನ್ನು ಮುಂದೆ ನಮ್ಮ ಮನೆಯಲ್ಲಿ ಒಂದು ನಿಯಮ, ಡ್ರೋನ್ ಕೆಳಗೆ ತರಬೇಕಾದರೆ 'ಇಳಿಸು' ಎನ್ನಬೇಕು, ಬೇರೆ ಯಾವ ಮಾತೂ ಬೇಡ ಎಂದರು. ಅವಳು "ಇಳಿಸು" ಎಂದು ಹೇಳಿ ತೋರಿಸಿದಳು. ಆಮೇಲೆ ನನ್ನನ್ನು ಮಲಯಾಳದಲ್ಲಿ ಕೇಳಿದಳು: ಹಾಗಾದರೆ ಅಪ್ಪನಿಗೆ ಕೇಳಿಸಿದ್ದು ಏನು? ಇರೆಕ್ಕು ಎಂದರೆ ಏನು?

"ಅಜ್ಜಿ ಹೇಳುದಿಲ್ವಾ, ನಾವು ಹೊರಟಾಗ? ಹೋಗ್ಬೇಡ, ಇಲ್ಲೇ ಇರಬೇಕು ಅಂತ. ಅದು" ಎಂದೆ. ಅವಳು ಹೂಂಗುಟ್ಟಿ ಕೇಸರಿಬಾತು ತಿಂದಳು.

ಡ್ರೋನು ಸತ್ತಿತ್ತು, ಅದರ ಮೆಮೊರಿ ಕಾರ್ಡು ಬದುಕಿತ್ತು. ಮನೆಗೆ ಬಂದು ನೋಡಿದರೆ ಕೊನೆಯ ಫೋಟೊ ಸರಿಯಾಗಿ ಬಂದಿದೆ. ಸೌತೆಕಾಯಿಯೂ ಅಲ್ಲ, ಮೂಲಂಗಿಯೂ ಅಲ್ಲ, ನೆಟ್ಟನೆಯ ಕ. ಹೊಟ್ಟೆಯವರು, ಅಡ್ಡಗೀಟಿನವರು ಕೈ ಮುಗಿದಿದ್ದಾರೆ. ತಲೆಕಟ್ಟಿನ ತುದಿಯಲ್ಲಿ ಒಬ್ಬಳು ಮಾತ್ರ ಕೈ ಮೇಲೆತ್ತಿ, ಬಾಯಿ ತೆರೆದು ನಿಂತಿದ್ದಾಳೆ. ಇವರು ಬಹಳ ಹೊತ್ತು ಅದನ್ನೇ ನೋಡಿದರು.

ಸಂಜೆ ಎಂದಿನ ಹಾಗೆ ಆಲುವದಿಂದ ರೈಲು. ಇವರು ಬ್ಯಾಗನ್ನು ಮೇಲಿನ ಹಲಗೆಗೆ ಏರಿಸಿ ಕಿಟಕಿಯ ಬಳಿ ಕೂತರು. ನಾವಿಬ್ಬರು ಪ್ಲಾಟ್‌ಫಾರಂ ಮೇಲೆ ನಿಂತೆವು. ಶುಕ್ರವಾರ ಬರುತ್ತೇನೆ, ಹೋಂವರ್ಕು ಮಾಡು, ಅಮ್ಮನಿಗೆ ಕಾಟ ಕೊಡಬೇಡ, ಎಲ್ಲ ಮಾಮೂಲು ಮಾತು. ಮಗಳು ಪ್ರತಿ ಸಲದ ಹಾಗೆ 'ಶರಿ' ಎನ್ನಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಸಿಗ್ನಲ್ಲು ಬಿತ್ತು. ಆಗ ಹೇಳಿದಳು, ಮೆಲ್ಲಗೆ, ನನ್ನ ಅಮ್ಮನದೇ ರಾಗದಲ್ಲಿ.

"ಅಚ್ಛಾ, ಇರೆಕ್ಕು."

ಇವರು ತಟ್ಟನೆ ಎದ್ದರು. ಬೆಳಿಗ್ಗೆ ಕಲಿತ ಪಾಠ ಇನ್ನೂ ಹಸಿಯಾಗಿತ್ತು. ಎರಡೂ ಕೈ ಮೇಲೆತ್ತಿ ಹಲಗೆಯ ಮೇಲಿನ ಬ್ಯಾಗು ಹಿಡಿದು, ಗಾಬರಿಯಿಂದ ನಮ್ಮ ಕಡೆ ಬಗ್ಗಿ ನೋಡಿದರು. "ಏನ್ ಪುಟ್ಟಿ, ಏನ್ ಇಳಿಸ್ಬೇಕು? ಬ್ಯಾಗಾ? ಬೀಳತ್ತಾ?"

"ಬ್ಯಾಗಲ್ಲ ಮಾರಾಯ್ರೆ" ಎಂದೆ ನಾನು. "ಈ ಸಲ ಅವಳು ಕನ್ನಡದಲ್ಲೇ ಹೇಳಿದ್ದು."

ರೈಲು ಹೊರಟಿತ್ತು. ಕಿಟಕಿ ಕಣ್ಣಿಗೆ ಕಾಣುವಷ್ಟು ದೂರದವರೆಗೂ ಇವರು ಹಾಗೆಯೇ ನಿಂತಿದ್ದರು, ಎರಡೂ ಕೈ ಇನ್ನೂ ಬ್ಯಾಗಿನ ಮೇಲೆಯೇ ಇದ್ದವು.